ಆಟಿಸಂ ಇರುವ ಮಗುವಿಗೆ ಬೇರೆಯವರ ಮನಸ್ಸು ಅರ್ಥವಾಗುವುದೇ ಇಲ್ಲವೇ?

ಚಿಂತಾಮಣಿಯ ಅಂಗನವಾಡಿ ಶಿಕ್ಷಕಿಯಾದ ನೀವು ಕೇಳಿರುವ ಈ ಪ್ರಶ್ನೆಗೆ "ಅರ್ಥವಾಗುವುದಿಲ್ಲ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಅಂಗನವಾಡಿಯ ಸಹಾಯಕಿ ಆಯಮ್ಮ ಹುರಿಗಡಲೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಹೊರಗೆ ಹೋದಾಗ, ನೀವು ಅದನ್ನು ಮಕ್ಕಳ ಎದುರಿಗೇ ಅಕ್ಕಿ ಮೂಟೆಯ ಹಿಂದಿಟ್ಟು "ಆಯಮ್ಮ ಬಂದು ಎಲ್ಲಿ ಹುಡುಕುತ್ತಾರೆ?" ಎಂದು ಕೇಳಿ ನೋಡಿ. ಮೂರು ವರ್ಷದ ಮಗು ಸಾಮಾನ್ಯವಾಗಿ ಮೂಟೆಯನ್ನು ತೋರಿಸುತ್ತದೆ. ನಾಲ್ಕೈದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು, ಡಬ್ಬಿ ಜಾಗ ಬದಲಿಸಿದ್ದು ಆಕೆಗೆ ಗೊತ್ತಿಲ್ಲವೆಂಬುದನ್ನು ಗ್ರಹಿಸಿ, ಕಪಾಟಿನತ್ತ ಕೈ ತೋರುತ್ತಾರೆ.

1985ರಲ್ಲಿ ಮನೋವಿಜ್ಞಾನಿಗಳಾದ ಸೈಮನ್ ಬ್ಯಾರನ್-ಕೊಹೆನ್, ಆಲನ್ ಲೆಸ್ಲಿ ಮತ್ತು ಉಟಾ ಫ್ರಿತ್ ಗೊಂಬೆಗಳನ್ನು ಬಳಸಿ ಇಂಥದೇ ಪರೀಕ್ಷೆ ನಡೆಸಿದಾಗ, ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ತಪ್ಪಿದರು. ಹುಟ್ಟಿನಿಂದಲೇ ಬರುವ, ಬುದ್ಧಿಯ ಬೆಳವಣಿಗೆಯನ್ನು ನಿಧಾನಗೊಳಿಸುವ ಡೌನ್ ಸಿಂಡ್ರೋಮ್ ಇದ್ದ 14 ಮಕ್ಕಳಲ್ಲಿ 12 ಮಂದಿ ಸರಿಯಾಗಿ ಉತ್ತರಿಸಿದರು. ಹಾಗಾಗಿ ಇದು ಬರೀ ಬುದ್ಧಿಮಟ್ಟದ ವಿಷಯವಲ್ಲ. ಆದರೆ ಸರಿಯಾಗಿ ಹೇಳಿದ ಆ ನಾಲ್ವರನ್ನು ಮರೆಯುವಂತಿಲ್ಲ. ಆಟಿಸಂ ಇರುವ ಅನೇಕರು ಭಾಷೆ ಬಲಿತಂತೆ, ತಡವಾಗಿಯಾದರೂ, ಈ ಪರೀಕ್ಷೆಯಲ್ಲಿ ಗೆಲ್ಲುತ್ತಾರೆ.

ಭಾಷೆಯ ಪಾತ್ರ ಎಷ್ಟು ದೊಡ್ಡದೆಂಬುದು ಕಿವುಡ ಮಕ್ಕಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಂಜ್ಞಾ ಭಾಷೆಯನ್ನು ತಡವಾಗಿ ಕಲಿತವರು ಇಲ್ಲಿ ಹಿಂದುಳಿಯುತ್ತಾರೆ, ಹುಟ್ಟಿನಿಂದಲೇ ಮನೆಯಲ್ಲಿ ಅದನ್ನು ಬಳಸಿದವರು ಹಿಂದುಳಿಯುವುದಿಲ್ಲ. ಆದ್ದರಿಂದ "ಅವಳು ಹೀಗಂದುಕೊಂಡಿದ್ದಳು", "ಅವನಿಗೆ ಗೊತ್ತಿರಲಿಲ್ಲ" ಎಂಬಂಥ ಮಾತುಗಳನ್ನು ಕತೆ ಹೇಳುವಾಗ ಧಾರಾಳವಾಗಿ ಬಳಸಿ.

ಇನ್ನೊಂದು ಮಾತು: ಈ ಆಟದಲ್ಲಿ ತಪ್ಪಿದ ಮಾತ್ರಕ್ಕೆ ಮಗುವಿಗೆ ಆಟಿಸಂ ಇದೆಯೆಂದು ಪೋಷಕರಿಗೆ ಹೇಳಬೇಡಿ, ಅದನ್ನು ತೀರ್ಮಾನಿಸಬೇಕಾದವರು ಮಗುವನ್ನು ಕೂಲಂಕಷವಾಗಿ ಪರೀಕ್ಷಿಸಿದ ತಜ್ಞರು.