ಅಮ್ಮನ ಸಂಧ್ಯಾ ಸುರಕ್ಷಾ (ರಾಜ್ಯ ಸರ್ಕಾರದ ವೃದ್ಧಾಪ್ಯ ಪಿಂಚಣಿ) ಹಣ ಎರಡು ತಿಂಗಳಿಂದ ಬಂದಿಲ್ಲ, ಬ್ಯಾಂಕಿನವರು ‘ಖಾತೆ ಸರಿಯಿದೆ’ ಎನ್ನುತ್ತಾರೆ, ಬಜೆಟ್‌ನಲ್ಲಿ ದುಡ್ಡಿಲ್ಲವೇ?
ನಿಮ್ಮ ಅಮ್ಮನ 1200 ರೂಪಾಯಿ ನಿಂತಿರುವುದಕ್ಕೆ ಬಜೆಟ್ ಕಾರಣವೋ ಖಾತೆ ಕಾರಣವೋ ತಿಳಿಯಲು ಮೊದಲು ಊರಲ್ಲಿ ಇದೇ ಪಿಂಚಣಿ ಪಡೆಯುವ ನಾಲ್ಕು ಜನರನ್ನು ಕೇಳಿ. ಯಾರಿಗೂ ಬಂದಿಲ್ಲವಾದರೆ ಹಣ ಬಿಡುಗಡೆ ತಡವಾಗಿದೆ. ಬಜೆಟ್‌ಗೆ ವಿಧಾನಮಂಡಲದ ಒಪ್ಪಿಗೆ ಸಿಕ್ಕಿದ ಮಾತ್ರಕ್ಕೆ ಹಣ ಖಾತೆಗೆ ಬರುವುದಿಲ್ಲ. ಆರ್ಥಿಕ ಇಲಾಖೆ ಕಂತಿನಲ್ಲಿ ಬಿಡುಗಡೆ ಮಾಡಬೇಕು, ಆಮೇಲೆ ಖಜಾನೆಯಲ್ಲಿ ಬಿಲ್ ಆಗಬೇಕು. ಈ ಯೋಜನೆ ಪೂರ್ತಿ ರಾಜ್ಯದ ದುಡ್ಡಿನದು. ಕೇಂದ್ರದ ವೃದ್ಧಾಪ್ಯ ವೇತನದಲ್ಲಂತೂ 60ರಿಂದ 79 ವಯಸ್ಸಿನವರಿಗೆ ಕೇಂದ್ರ ಕೊಡುವುದು ತಿಂಗಳಿಗೆ ಬರೀ 200. ಇಷ್ಟು ವರ್ಷವಾದರೂ ಅದು ಏರಿಲ್ಲ, ಇದು ಅನ್ಯಾಯವೇ ಸರಿ.

ಉಳಿದವರಿಗೆಲ್ಲ ಬಂದು ಅಮ್ಮನಿಗೆ ಮಾತ್ರ ಬಂದಿಲ್ಲವಾದರೆ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಬರಲು ಆಧಾರ್ ಅನ್ನು ಬ್ಯಾಂಕ್ ಖಾತೆಗೆ ಜೋಡಿಸಿರುವುದು, ನೋಡಿ. ‘ಖಾತೆ ಸರಿಯಿದೆ’ ಎಂದು ಬ್ಯಾಂಕಿನವರು ಹೇಳುವುದು ಕೆವೈಸಿ (ಗ್ರಾಹಕರ ಗುರುತಿನ ದಾಖಲೆ) ಬಗ್ಗೆ ಇರಬಹುದು. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ (ಎನ್‌ಪಿಸಿಐ) ದಾಖಲಾಗುವ ಮ್ಯಾಪಿಂಗ್ ಬೇರೆ. ಕೊನೆಯದಾಗಿ ಸೀಡ್ ಆದ ಬ್ಯಾಂಕಿಗೇ ಹಣ ಹೋಗುತ್ತದೆ. ಬೇರೆ ಯೋಜನೆಗೆಂದು ಹೊಸ ಖಾತೆ ತೆರೆದಿದ್ದರೆ ಆ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಹಣ ಅಲ್ಲೇ ಬಿದ್ದಿರಬಹುದು. ಮೈಆಧಾರ್ ತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಬ್ಯಾಂಕಿನ ಹೆಸರು ಕಾಣುತ್ತದೆ. ಅದೂ ಸರಿಯಿದ್ದರೆ ಮಂಜೂರಾತಿ ಆದೇಶದ ಪ್ರತಿ ಹಿಡಿದು ನಾಡಕಚೇರಿಗೆ ಹೋಗಿ, ಪಿಂಚಣಿ ಚಾಲ್ತಿಯಲ್ಲಿದೆಯೋ ತಡೆಹಿಡಿದಿದ್ದಾರೋ ಎಂದು ಕೇಳಿ.