ಹಳೇ ಲೈನ್ ಈಗಲೇ ಕಟ್ ಮಾಡಿಸಬೇಡಿ

ಪುಣೆಯ ಡೆಕ್ಕನ್‌ನಿಂದ ಹಿಂಜವಡಿಗೆ ಆಫೀಸು ಸಾಗಿಸುವಾಗ ನೆಟ್ ಒಂದು ದಿನವೂ ನಿಲ್ಲಬಾರದು ಅಂದಿದ್ದೀರಿ. ಶಿಫ್ಟಿಂಗ್ ಅರ್ಜಿ ಹಾಕಿ ಸುಮ್ನೆ ಕೂರಬೇಡಿ. ಅಲ್ಲಿ ಹೊಸ ಕನೆಕ್ಷನ್ನೇ ತಗೊಳ್ಳಿ, ಹಳೇದನ್ನು ಎರಡು ವಾರ ಹಾಗೇ ಇಡಿ. ಎರಡು ಬಿಲ್ ಬರುತ್ತದೆ, ಬರಲಿ ಬಿಡಿ.

ನಾವು ಬಾಣೇರಿಗೆ ಬಂದಾಗ ಫೈಬರ್ ಗೇಟಿನ ತನಕ ಬಂದಿತ್ತು. ಕೇಬಲ್ ಎಳೆಯುವ ಡಕ್ಟಿನ ಬೀಗದ ಕೀ ಇದ್ದವರು ಊರಲ್ಲಿರಲಿಲ್ಲ. ‘ಉದ್ಯಾ ಯೇತೀಲ್’ (ನಾಳೆ ಬರ್ತಾರೆ) ಅಂತ ವಾಚ್‌ಮನ್ ನಾಲ್ಕು ದಿನ ಹೇಳಿದ! ಅಲ್ಲೀತನಕ ಸಿಮ್ ಹಾಕಿದ ರೂಟರೇ ಗತಿ. ಬಿಲ್ಲಿಂಗ್‌ಗೆ ಸಾಕಾಯಿತು. ಆದರೆ ಮನೆಯಿಂದ ಆಫೀಸಿನ ಸರ್ವರ್‌ ಸಿಗಲಿಲ್ಲ. ಸಿಮ್‌ನಲ್ಲಿ ಸಾಮಾನ್ಯವಾಗಿ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರವಾಗಿ ತಲುಪುವ ನೆಟ್ ವಿಳಾಸ, ಇರುವುದಿಲ್ಲ, ಅಲ್ವಾ.

ನಿಮ್ಮ ಸ್ಟ್ಯಾಟಿಕ್ ಐಪಿ (ಲೈನಿಗೆ ಕೊಟ್ಟ ಕಾಯಂ ವಿಳಾಸ) ಬದಲಾಗುವುದಾದರೆ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಸೇರುವ ಸುರಕ್ಷಿತ ದಾರಿ) ನೋಡಿಕೊಳ್ಳುವವರಿಗೆ ಮೊದಲೇ ತಿಳಿಸಿ. ಡಿಎನ್‌ಎಸ್ ಟಿಟಿಎಲ್ ಅನ್ನು (ಹೆಸರಿಗೆ ಸಿಕ್ಕ ಐಪಿಯನ್ನು ಬೇರೆ ಕಂಪ್ಯೂಟರ್‌ಗಳು ನೆನಪಿಡುವ ಅವಧಿ) ಬದಲಾವಣೆಗೆ ಎರಡು ದಿನ ಮುಂಚೆ 300 ಸೆಕೆಂಡಿಗೆ ಇಳಿಸಿ.