ಪ್ರತಿಕ್ರಿಯೆ: 'ದಿ ಬಾರ್ನ್ ಸುಪ್ರಿಮಸಿ' ನೋಡಬಹುದಾ?

ಮೊದಲ ಭಾಗ ಹಿಡಿಸಿತು, ಎರಡನೆಯದರಲ್ಲಿ ಕ್ಯಾಮೆರಾ ವಿಪರೀತ ಅಲುಗಾಡುತ್ತಂತೆ, ನೋಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ನೋಡಿ. ಆದರೆ ಅಲುಗಾಟ ಇರೋದು ನಿಜ. 2002ರ ಮೊದಲ ಭಾಗ 'ದಿ ಬಾರ್ನ್ ಐಡೆಂಟಿಟಿ' ಡಗ್ ಲೈಮನ್ ನಿರ್ದೇಶನದ್ದು, 2004ರ ಇದು ಪಾಲ್ ಗ್ರೀನ್‌ಗ್ರಾಸ್ ಅವರದು. ಕೈಯಲ್ಲೇ ಹಿಡಿದ ಕ್ಯಾಮೆರಾ, ಕಣ್ಣು ನಿಲ್ಲುವ ಮೊದಲೇ ಕಟ್. ಮ್ಯೂನಿಕ್ ಮನೆಯ ಹೊಡೆದಾಟದಲ್ಲಿ ಎದುರಾಳಿಗೆ ಚಾಕು, ನಾಯಕ ಬಾರ್ನ್‌ಗೆ (ನೆನಪು ಕಳೆದುಕೊಂಡ ಮಾಜಿ ಸಿಐಎ ಹಂತಕ) ಸುರುಳಿ ಸುತ್ತಿದ ಮ್ಯಾಗಜೀನ್; ಯಾರ ಏಟು ಯಾರಿಗೆ ಬಿತ್ತು ಅನ್ನೋದೇ ಎಷ್ಟೋ ಸಲ ಗೊತ್ತಾಗಲ್ಲ. ಟಿವಿಯಿಂದ ಸ್ವಲ್ಪ ದೂರ ಕೂತು, ಟಿವಿ ಸೆಟ್ಟಿಂಗ್‌ನಲ್ಲಿ ಮೋಷನ್ ಸ್ಮೂದಿಂಗ್ (ಚಲನೆಯನ್ನು ಕೃತಕವಾಗಿ ನಯಗೊಳಿಸುವ ಸೌಲಭ್ಯ) ಆಫ್ ಮಾಡಿ.

ಅದೇ ಶೈಲಿ ಮಾಸ್ಕೋ ಚೇಸ್‌ನಲ್ಲಿ ಭರ್ಜರಿಯಾಗಿ ಕೆಲಸ ಮಾಡಿದೆ. ಭುಜಕ್ಕೆ ಗುಂಡು ಬಿದ್ದಿರುವ ನಾಯಕ, ಕೈಗೆ ಸಿಕ್ಕಿದ್ದು ಹಳದಿ ವೋಲ್ಗಾ ಟ್ಯಾಕ್ಸಿ, ಹಿಂದೆ ದೈತ್ಯ ಮರ್ಸಿಡಿಸ್ ಜೀಪು. ಪ್ರತಿ ಗುದ್ದಿಗೂ ಟ್ಯಾಕ್ಸಿ ನಜ್ಜುಗುಜ್ಜಾಗ್ತಾ ಹೋಗುತ್ತೆ, ಸುರಂಗದ ಕಾಂಕ್ರೀಟ್ ಕಂಬದವರೆಗೂ.

ಗೋವಾದಲ್ಲಿ ಬಾರ್ನ್‌ನ ಪ್ರೇಯಸಿ ಮರೀ ಸಾಯೋದು ಚಿತ್ರದ ಆರಂಭದಲ್ಲೇ (ಕ್ಷಮಿಸಿ, ಸ್ಪಾಯ್ಲರ್). ಮೂಲ ಲೇಖಕ ರಾಬರ್ಟ್ ಲಡ್ಲಮ್ ಅವರ 1986ರ ಕಾದಂಬರಿಯಲ್ಲಿ ಅವಳ ಅಪಹರಣ, ಹಾಂಗ್‌ಕಾಂಗ್. ಹೆಸರು ಬಿಟ್ಟರೆ ಕಥೆ ಬೇರೆಯೇ. ಈ ಬದಲಾವಣೆ ನನ್ನ ಪ್ರಕಾರ ಸರಿ. ಸೇಡಿನ ಕಥೆ ಕೊನೆಗೆ, ಬಾರ್ನ್ ಹಿಂದೆ ಕೊಂದಿದ್ದ ರಷ್ಯನ್ ರಾಜಕಾರಣಿ ನೆಸ್ಕಿಯ ಮಗಳ ಮುಂದೆ ತಪ್ಪೊಪ್ಪಿಗೆಯಾಗೋದು ಇದರಿಂದಲೇ.

ದೌರ್ಬಲ್ಯ ಬೇರೆ ಕಡೆ ಇದೆ. ಸಿಐಎ ಹಣ ಮತ್ತು ರಷ್ಯನ್ ತೈಲದ ನಂಟನ್ನು ಅವಸರದ ಸಂಭಾಷಣೆಯಲ್ಲಿ ಹೇಳಿ ಮುಗಿಸ್ತಾರೆ. ಬರ್ಲಿನ್‌ನಲ್ಲಿ ಸಿಡಿಯದ ಎರಡನೇ ಬಾಂಬಿನ ಮೇಲೆ ಬೇಕಂತಲೇ ಬಿಟ್ಟ ಬಾರ್ನ್‌ನ ಬೆರಳಚ್ಚು ಗಮನಿಸಿ, ಇಡೀ ಗೊಂದಲದ ಬೇರು ಅದೇ. ಮರೀಯನ್ನು ಕೊಂದ ಕಿರಿಲ್‌ಗಂತೂ ಮಾತೂ ಕಡಿಮೆ, ವ್ಯಕ್ತಿತ್ವವೂ ಇಲ್ಲ.